ಬೆಳ್ಳಿ ತಿರುಪು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಫೋನು ರಿಪೇರಿಯ ಇಮ್ತಿಯಾಜ್
ಒಂದು ರಾತ್ರಿಯ ಮಟ್ಟಿಗೆ ಕೊಟ್ಟ.
ಯಾರೋ ಡಾಕ್ಟರ ಮಗನದು, ವೈರು ಬದಲಿಸಲು ಬಂದದ್ದು.
‘ದ್ಯಾವಣ್ಣ, ನಿನ್ನ ಕಿವಿ ಏನನ್ನುತ್ತೋ ನೋಡು,
ಬೆಳಿಗ್ಗೆ ಹತ್ತಕ್ಕೆ ವಾಪಸ್.’
ಬೆಲೆ ಕೇಳಿದೆ. ಹೇಳಿದ.
ಎಂಟು ಹಾರನ್ನು, ಎರಡು ಆಂಪ್ಲಿಫೈಯರು, ಜನರೇಟರು,
ತಗಡಿನ ಟ್ರಂಕಿನ ಸಮೇತ ನನ್ನ ಮೈಕ್‌ಸೆಟ್ಟು ಮಾರಿದಾಗ
ಬಂದದ್ದು ಅದರ ಕಾಲುಭಾಗ.

ಗೋಡಂಬಿಯಷ್ಟಿವೆ. ಎರಡು ಜೊತೆ.
ಒಂದು ಬರೀ ಲೋಹ, ಇನ್ನೊಂದಕ್ಕೆ ಮರದ ಮುಖ.
ಕುಂಕುಮದ ಭರಣಿಯಷ್ಟು ಡಬ್ಬಿಯೊಳಗೆ
ಕಪ್ಪು, ಕೆಂಪು, ಬೆಳ್ಳಿ: ಮೂರು ಬಣ್ಣದ ತಿರುಪು.
ಸದ್ದು ಹೊರಡುವ ಬಾಯಿಗೆ ಇಡುವ ಜರಡಿ.
ಒಂದು ಬಿಚ್ಚಿ ಇನ್ನೊಂದು ಹಾಕುವಾಗ
ಬೆರಳು ನಡುಗಿ, ಕೆಂಪು ಮಂಚದ ಕೆಳಗೆ ಉರುಳಿ,
ಪೆನ್ಷನ್ ಮೊಹಲ್ಲಾದ ನಮ್ಮ ಮನೆಯಲ್ಲಿ
ರಾತ್ರಿ ಹತ್ತೂವರೆಗೆ ಕಸ ಗುಡಿಸಿದ್ದಾಯಿತು.

ಕೇಳಲು ಏನು ಹಾಕಲಿ?
ಹೊಸ ಹಾಡುಗಳಲ್ಲಿ ನನಗೆ ಗುರುತಿನವರಿಲ್ಲ.
ಹಳೆಯ ಕ್ಯಾಸೆಟ್ಟೊಂದನ್ನು ಸಿಂಚನ ಫೋನಿಗೆ ಇಳಿಸಿಕೊಟ್ಟಿದ್ದಳು:
ತೊಂಬತ್ತಾರರ ಮೇ, ಸಾಲಗಾಮೆ ರಸ್ತೆಯ ಛತ್ರ,
ಯಾರದೋ ಧಾರೆ, ಮೈಕಿನಲ್ಲಿ ಮುಯ್ಯಿ ಕೂಗುವವನು ನಾನು.

ಲೋಹದ್ದಕ್ಕೆ ಕಪ್ಪು ಹಾಕಿದೆ.
ಜನರೇಟರು ಎದೆಗೂಡಿನೊಳಗೆ ಬಂದು ಕೂತಿತು,
ಡೋಲಿನವನ ಎಡಗೈ ದಪ್ಪವಾಯಿತು.
ಇದನ್ನು ನಾನು ಆವತ್ತೂ ಕೇಳಿರಲಿಲ್ಲ.
ಹಾರನ್ನಿಗೆ ಹೊಟ್ಟೆಯಿಲ್ಲ, ಬರೀ ಗಂಟಲು.
ಮೂವತ್ತು ವರ್ಷ ಊರೂರಿಗೆ ಗಂಟಲು ಹೊತ್ತು ತಿರುಗಿದೆ.

ಅದಕ್ಕೇ ಕೆಂಪು ಹಾಕಿದೆ, ಒಗರು. ತೆಗೆದೆ.
ಮರದ್ದಕ್ಕೆ ಕೆಂಪು ಹಾಕಿದೆ.
ಆಗ ಬಂತು ನೋಡಿ ನನ್ನ ದನಿ,
ಇಪ್ಪತ್ತೇಳು ವರ್ಷದ್ದು, ಕೊಂಚ ಮೂಗಿನದು, ಎಂಥಾ ಜಂಬ!
‘ಗೊರೂರಿನ ಲಲಿತಮ್ಮೋರು ಒಂದು ಸ್ಟೀಲ್ ಕೊಡ,
ದುದ್ದದ ಪುಟ್ಟಸ್ವಾಮಣ್ಣೋರು ಐವತ್ತೊಂದು ರೂಪಾಯಿ...’
ಅದರ ಬೆನ್ನಿಗೇ, ಬಲಗಡೆ, ಒಂದು ಮೊಳ ದೂರದಿಂದ
ಮೆತ್ತಗೆ, ನಾಚಿಕೊಂಡಂತೆ:
‘ಐವತ್ತೊಂದಲ್ಲ ಕಣಪ್ಪ, ನೂರೊಂದು.’

ಮತ್ತೆ ಹಾಕಿದೆ. ಮತ್ತೆ.
ಕಪ್ಪಿನಲ್ಲಿ ಆ ಮಾತು ಜನರೇಟರಿನಡಿ ಮುಳುಗುತ್ತದೆ.
ಕೆಂಪಿನಲ್ಲಿ ಎದ್ದು ನಿಲ್ಲುತ್ತದೆ.
ತಿದ್ದದೆ ಮುಂದಿನ ಹೆಸರಿಗೆ ಹೋಗಿದ್ದೇನೆ.
ನೆತ್ತಿಯ ಮೇಲೇ ಹಾರನ್ನು ಕಟ್ಟಿ ಅದರಡಿ ಕೂತವನು ನಾನೊಬ್ಬನೇ,
ನನ್ನೊಬ್ಬನನ್ನು ಬಿಟ್ಟು ಛತ್ರವೆಲ್ಲ ಕೇಳಿರಬೇಕು.
ಪುಟ್ಟಸ್ವಾಮಣ್ಣ ಮತ್ತೆಂದೂ ಯಾವ ಕೆಲಸಕ್ಕೂ ಕರೆಯಲಿಲ್ಲ.
ಎದುರು ಸಿಕ್ಕರೆ ಬೀಡಿ ಅಂಗಡಿಯತ್ತ ತಿರುಗುತ್ತಿದ್ದರು.
ದೊಡ್ಡವರ ಕೊಬ್ಬು ಅಂದುಕೊಂಡಿದ್ದೆ.

ಬೆಳ್ಳಿಯದು ಉಳಿದಿತ್ತು. ಹಾಕಿದೆ.
ಏನೂ ಬದಲಾಗಲಿಲ್ಲ, ಕೆಂಪಿನ ಹಾಗೇ ಇದೆ,
ಡಾಕ್ಟರ ಮಗನಿಗೆ ಟೋಪಿ ಹಾಕಿದ್ದಾರೆ ಎಂದು ನಕ್ಕೆ.
ಸಿಂಚನ ಓದು ಬಿಟ್ಟು ಬಂದು ಕಿವಿಗಿಟ್ಟುಕೊಂಡಳು.
‘ಅಯ್ಯೋ, ಎಷ್ಟು ಬಳೆ ಅಪ್ಪ!
ಯಾರೋ ಪಾಯಸದ ಚಮಚ ಎಣಿಸ್ತಾವ್ರೆ.
ಹಿಂದೆ ಸೂಜಿ ಥರ ಒಂದು ಸೀಟಿ ಐತೆ.’
ಎಲ್ಲಿ?
‘ಶುರುವಿಂದ.’
ಎಲ್ಲಿಗೆ ನಿಲ್ಲುತ್ತೆ?
ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.
‘ನಿಲ್ಲಲ್ಲ.’

ಅವಳ ಮುಖವನ್ನೇ ನೋಡುತ್ತ ಕೂತೆ,
ಬಳೆ ಸದ್ದಾದಾಗ ಹುಬ್ಬು ಎಲ್ಲಿ ಏಳುತ್ತದೆಂದು.

ಬೆಳಿಗ್ಗೆ ಇಮ್ತಿಯಾಜ್ ಬೂದುಗಾಜಿನಡಿಯಿಂದ ತಲೆಯೆತ್ತದೆ ಕೇಳಿದ:
‘ಯಾವುದು ಚೆನ್ನಾಗಿತ್ತು?’
ಮರದ್ದಕ್ಕೆ ಬೆಳ್ಳಿ ತಿರುಪು, ಎಂದೆ.
ಹಾಗೆಯೇ ಬರೆದುಕೊಂಡ.

ದುದ್ದದ ಬಸ್ಸು ಎಷ್ಟು ಹೊತ್ತಿಗಿದೆ ಅಂತಲೂ ಕೇಳಿದೆ.